ಅಂಗಡಿಯ ಹೆಸರು ಕನ್ನಡದಲ್ಲಿ, ಅಂತರ್ಜಾಲದ ವಿಳಾಸ ಯಾವ ಅಕ್ಷರದಲ್ಲಿ?

ಕಳೆದ ವರ್ಷ ಗಂಗಾವತಿ ಭಾಗದ ಅಕ್ಕಿ ಗಿರಣಿಯೊಂದರ ಲೆಕ್ಕಪುಸ್ತಕಗಳನ್ನು ಪರಿಶೀಲಿಸುತ್ತಿದ್ದಾಗ ಒಂದು ಕ್ರೆಡಿಟ್ ನೋಟ್ ನನ್ನ ಗಮನ ಸೆಳೆಯಿತು. ಕೊಯಮತ್ತೂರಿನ ಖರೀದಿದಾರರ ಹೆಸರಿನಲ್ಲಿದ್ದ ಆ ನೋಟಿನ ಮೇಲೆ ಗುಮಾಸ್ತರು ‘ಲಿಂಕ್ ತಪ್ಪಿನಿಂದ ದರ ವ್ಯತ್ಯಾಸ’ ಎಂದು ಕಾರಣ ಬರೆದಿದ್ದರು. ತೂಕ ಕಡಿಮೆ ಬಂದದ್ದು, ನುಚ್ಚು ಹೆಚ್ಚಾದದ್ದು, ತೇವಾಂಶ ಮಿತಿ ಮೀರಿದ್ದು, ಚೀಲ ಹರಿದದ್ದು ಮುಂತಾದ ಕಾರಣಗಳನ್ನು ನನ್ನ ವೃತ್ತಿಜೀವನದುದ್ದಕ್ಕೂ ನೋಡುತ್ತಾ ಬಂದಿದ್ದೇನೆ. ಲಿಂಕ್ ತಪ್ಪಿನಿಂದ ಹಣ ಹಿಂದಿರುಗಿಸಿದ ಪ್ರಸಂಗ ಮಾತ್ರ ನನಗೆ ಹೊಸದಾಗಿತ್ತು.

ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟು. ಸದರಿ ಗಿರಣಿಯವರು ತಮ್ಮ ಜಾಲತಾಣದಲ್ಲಿ ಸರಕಿನ ವಿವರಗಳನ್ನು ಕನ್ನಡದಲ್ಲಿಯೇ ನೀಡಿದ್ದರು. ಒಂದು ಪುಟದ ಶೀರ್ಷಿಕೆ ‘ಗಂಗಾವತಿ ಸೋನಾ ಮಸೂರಿ ಅಕ್ಕಿ ಹಳೆಯದು’ ಎಂದಿದ್ದರೆ, ಇನ್ನೊಂದರದು ‘ಗಂಗಾವತಿ ಸೋನಾ ಮಸೂರಿ ಅಕ್ಕಿ ಹೊಸದು’ ಎಂದಿತ್ತು. ಹಳೆಯ ಅಕ್ಕಿಗೂ ಹೊಸ ಅಕ್ಕಿಗೂ ಇರುವ ದರದ ಅಂತರವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಖರೀದಿದಾರರು ಹಳೆಯ ಅಕ್ಕಿಯ ದರ ಕೇಳಿದಾಗ ಕಚೇರಿಯ ಹುಡುಗ ವಾಟ್ಸ್‌ಆ್ಯಪ್‌ನಲ್ಲಿ ಹೊಸ ಅಕ್ಕಿಯ ಪುಟದ ಲಿಂಕ್ ಕಳುಹಿಸಿದ. ಕನ್ನಡ ಓದಲು ಬಾರದ ಖರೀದಿದಾರರು ಚಿತ್ರವನ್ನೂ ದರವನ್ನೂ ನೋಡಿ, ಹಳೆಯ ಅಕ್ಕಿ ಒಂದು ಲೋಡ್ ಕಳುಹಿಸಿರಿ ಎಂದು ಆದೇಶ ನೀಡಿದರು. ಲಾರಿ ಹೋಯಿತು, ಹಳೆಯ ಅಕ್ಕಿಯ ದರದ ಬಿಲ್ಲೂ ಹೋಯಿತು, ಹಿಂದೆಯೇ ತಕರಾರು ಬಂದಿತು. ಮಾಲೀಕರು ಹೇಳಿದ ಮಾತು ಇಷ್ಟೇ: “ಏನ್ ಮಾಡೋದ್ರಿ ಸಾಹೇಬ್ರ, ಎರಡೂ ಲಿಂಕ್ ನೋಡಾಕ ಒಂದ ಥರಾ ಇದ್ವು.”

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಎರಡೂ ವಿಳಾಸಗಳು ಶೇಕಡಾ ಚಿಹ್ನೆ, ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲುಗಳಾಗಿದ್ದವು. ಒಂದರ ತುದಿಯಲ್ಲಿ ‘2’ ಎಂಬ ಅಂಕಿ ಇದ್ದುದನ್ನು ಬಿಟ್ಟರೆ ಅವುಗಳಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ನಾನು ತಂತ್ರಜ್ಞನಲ್ಲ. ಆದರೂ ಲೆಕ್ಕದಲ್ಲಿ ವ್ಯತ್ಯಾಸ ಕಂಡ ಮೇಲೆ ಅದರ ಮೂಲವನ್ನು ಹುಡುಕುವುದು ನಮ್ಮ ವೃತ್ತಿಯ ಧರ್ಮ. ಹಾಗೆ ಹುಡುಕುತ್ತಾ ತಿಳಿದುಕೊಂಡ ಸಂಗತಿಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಉಪಯೋಗಕ್ಕಾಗಿ ಈ ಲೇಖನದಲ್ಲಿ ನೀಡುತ್ತಿದ್ದೇನೆ.

ಇನ್ನೂರು ಸ್ಥಾನಗಳ ಲೆಕ್ಕ

ಜಾಲವಿಳಾಸದಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಡೊಮೈನ್ ಹೆಸರು. ಇದನ್ನು ಅಂಗಡಿಯ ಮುಂದಿನ ಫಲಕಕ್ಕೆ ಹೋಲಿಸಬಹುದು. ಓರೆಗೆರೆಯ ನಂತರ ಬರುವುದು ಪುಟದ ಹೆಸರು. ಇದು ಅಂಗಡಿಯೊಳಗಿನ ಒಂದೊಂದು ಖಾನೆಗೆ ಅಂಟಿಸಿದ ಚೀಟಿಯಂತೆ. ಈ ಎರಡನೆಯ ಭಾಗಕ್ಕೆ ತಂತ್ರಜ್ಞರು ‘ಸ್ಲಗ್’ ಎನ್ನುತ್ತಾರೆ. ಪತ್ರಿಕಾ ಕಚೇರಿಗಳಲ್ಲಿ ಪ್ರತಿಯೊಂದು ಸುದ್ದಿಯನ್ನೂ ಗುರುತಿಸಲು ಇಡುತ್ತಿದ್ದ ಚುಟುಕು ಹೆಸರಿನಿಂದ ಈ ಪದ ಬಂದಿದೆ.

ಅಂತರ್ಜಾಲದ ಹೆಸರುಗಳ ವ್ಯವಸ್ಥೆ ರೂಪುಗೊಂಡದ್ದು 1983ರಲ್ಲಿ, ಅಮೆರಿಕದಲ್ಲಿ. ಡೊಮೈನ್ ಹೆಸರಿಗೆ ಅಂದು ಒಪ್ಪಿತವಾದ ಸಾಮಗ್ರಿ ಇಂಗ್ಲಿಷಿನ 26 ಅಕ್ಷರಗಳು, 10 ಅಂಕಿಗಳು ಮತ್ತು ಒಂದು ಅಡ್ಡಗೆರೆ, ಇಷ್ಟೇ. ಚುಕ್ಕೆಗಳ ನಡುವಿನ ಒಂದೊಂದು ಭಾಗವೂ 63 ಸ್ಥಾನಗಳನ್ನು ಮೀರುವಂತಿಲ್ಲ. ಪುಟದ ಹೆಸರಿನಲ್ಲಿ ಬೇರೆ ಲಿಪಿಯ ಅಕ್ಷರ ಬಂದರೆ ಅದನ್ನು ಶೇಕಡಾ ಚಿಹ್ನೆಯಿಂದ ಆರಂಭವಾಗುವ ಗುಪ್ತಲಿಪಿಯಂತಹ ರೂಪಕ್ಕೆ ಇಳಿಸಲಾಗುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತವು ಸಂಗ್ರಹದಲ್ಲಿ 3 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಪ್ರತಿಯೊಂದು ಬೈಟೂ ವಿಳಾಸದಲ್ಲಿ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ ಅಥವಾ ಅಂಕಿಗಳಾಗಿ, ಅಂದರೆ 3 ಸ್ಥಾನಗಳಾಗಿ, ಹರಡುತ್ತದೆ. ಹೀಗೆ ಕನ್ನಡದ ಒಂದೊಂದು ಸಂಕೇತಕ್ಕೂ 9 ಸ್ಥಾನಗಳು ಖರ್ಚಾಗುತ್ತವೆ. ಮೂಲಾಕ್ಷರ ಮಾತ್ರವಲ್ಲ, ಗುಣಿತದ ಚಿಹ್ನೆಯೂ ಒತ್ತಕ್ಷರವನ್ನು ಜೋಡಿಸುವ ಹಲಂತವೂ ಪ್ರತ್ಯೇಕ ಸಂಕೇತಗಳೇ ಎಂಬುದನ್ನು ಗಮನಿಸಬೇಕು.

ಈ ಲೆಕ್ಕದಂತೆ ‘ಕೊಪ್ಪಳ’ ಎಂಬ ಹೆಸರಿನಲ್ಲಿ 6 ಸಂಕೇತಗಳಿದ್ದು, ಅದು ವಿಳಾಸದಲ್ಲಿ 54 ಸ್ಥಾನಗಳನ್ನು ಆಕ್ರಮಿಸುತ್ತದೆ. ‘ಗಂಗಾವತಿ’ ಮತ್ತು ‘ಕುಷ್ಟಗಿ’ ತಲಾ 7 ಸಂಕೇತಗಳಿಂದ 63 ಸ್ಥಾನಗಳಾಗುತ್ತವೆ. ‘ಯಲಬುರ್ಗಾ’ 8 ಸಂಕೇತಗಳಿಂದ 72 ಆಗುತ್ತದೆ.

ಈಗ ಗಿರಣಿಯ ಪ್ರಸಂಗಕ್ಕೆ ಬರೋಣ. ಅವರು ಬಳಸುತ್ತಿದ್ದ ತಂತ್ರಾಂಶದಲ್ಲಿ ಪುಟದ ಹೆಸರಿಗೆ 200 ಸ್ಥಾನಗಳ ಮಿತಿ ಇತ್ತು. ‘ಗಂಗಾವತಿ ಸೋನಾ ಮಸೂರಿ ಅಕ್ಕಿ’ ಎಂಬ ನಾಲ್ಕು ಪದಗಳಲ್ಲಿ 7, 4, 5, 5 ರಂತೆ ಒಟ್ಟು 21 ಸಂಕೇತಗಳಿವೆ. ಅವಕ್ಕೆ 189 ಸ್ಥಾನಗಳು, ಪದಗಳ ನಡುವಿನ ಮೂರು ಅಡ್ಡಗೆರೆಗಳಿಗೆ 3, ಒಟ್ಟು 192. ನಾಲ್ಕನೆಯ ಅಡ್ಡಗೆರೆ ಹಾಕಿದ ಮೇಲೆ ಉಳಿಯುವುದು 7 ಸ್ಥಾನ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಹಿಡಿಸದು. ಆದ್ದರಿಂದ ‘ಹಳೆಯದು’ ಮತ್ತು ‘ಹೊಸದು’ ಎಂಬ ಕೊನೆಯ ಪದಗಳೆರಡೂ ತುಂಡಾಗಿ ಹೋದವು. ಎರಡು ಪುಟಗಳಿಗೂ ಒಂದೇ ಹೆಸರು ಬಂದುದರಿಂದ ತಂತ್ರಾಂಶವು ಎರಡನೆಯದಕ್ಕೆ ತಾನಾಗಿಯೇ ‘2’ ಎಂದು ಸೇರಿಸಿತು. ವ್ಯಾಪಾರದಲ್ಲಿ ಅತ್ಯಂತ ಮಹತ್ವದ ಪದವೇ ವಿಳಾಸದಿಂದ ಮಾಯವಾಗಿತ್ತು. ಅದೇ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅಡ್ಡಗೆರೆಗಳೂ ಸೇರಿ 26 ಸ್ಥಾನಗಳು ಸಾಕು.

ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಇಂಥ ವಿಳಾಸವು ಬಹುತೇಕ ಕನ್ನಡದಲ್ಲಿಯೇ ಅಂದವಾಗಿ ಕಾಣುವುದರಿಂದ ತೊಡಕು ಮಾಲೀಕರ ಗಮನಕ್ಕೆ ಬರುವುದಿಲ್ಲ. ಅದನ್ನು ನಕಲು ಮಾಡಿ ಬೇರೆಯವರಿಗೆ ಕಳುಹಿಸಿದಾಗ ಮಾತ್ರ ಶೇಕಡಾ ಚಿಹ್ನೆಗಳ ಸರಮಾಲೆ ಹೊರಬರುತ್ತದೆ. ಮೋಸದ ಲಿಂಕುಗಳ ಬಗ್ಗೆ ಬ್ಯಾಂಕುಗಳು ಪದೇ ಪದೇ ಎಚ್ಚರಿಸುತ್ತಿರುವ ಈ ಕಾಲದಲ್ಲಿ ಅಪರಿಚಿತ ಖರೀದಿದಾರರು ಅಂಥ ಸಾಲನ್ನು ಒತ್ತಲು ಹಿಂಜರಿಯುವುದು ಸಹಜ.

ನಾಲ್ಕು ಊರು, ನಾಲ್ಕು ತೊಡಕು

ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಪರಿವರ್ತಿಸುವ ಕೆಲಸವನ್ನು ತಂತ್ರಾಂಶಕ್ಕೇ ಬಿಟ್ಟರೆ ಸಾಕಲ್ಲವೇ ಎಂಬ ಪ್ರಶ್ನೆ ಬರಬಹುದು. ನಮ್ಮ ಜಿಲ್ಲೆಯ ನಾಲ್ಕು ಊರುಗಳ ಹೆಸರನ್ನೇ ತೆಗೆದುಕೊಂಡು ಪರಿಶೀಲಿಸೋಣ.

ಮೊದಲು ಕೊಪ್ಪಳ. ನಮ್ಮಲ್ಲಿ ಅನೇಕರು ದರಪಟ್ಟಿ, ಕರಪತ್ರಗಳನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿ ಇಟ್ಟುಕೊಂಡಿದ್ದಾರೆ. ಈ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ಸಂಗ್ರಹವಾಗಿರುವುದು ಯುರೋಪಿನ ಭಾಷೆಗಳ ಗೀಟು-ಚಿಹ್ನೆಗಳಿರುವ ಅಕ್ಷರಗಳು. ಹಾಗೆ ಬರೆದ ‘ಕೊಪ್ಪಳ’ದ ಫಾಂಟನ್ನು ತೆಗೆದುಹಾಕಿದರೆ ಕಾಣುವುದು ದೊಡ್ಡಕ್ಷರದ ಪಿ, ತಲೆಯ ಮೇಲೆ ಗೀಟಿರುವ ಇ, ಎ ಮತ್ತು ಇ ಕೂಡಿಕೊಂಡ ಜೋಡಕ್ಷರ, ಜಪಾನಿನ ಯೆನ್ ನಾಣ್ಯದ ಚಿಹ್ನೆ, ಗೀಟಿರುವ ಎರಡು ಎ-ಗಳು, ಕಾಲು ಎಂಬ ಭಿನ್ನಾಂಕ, ಮತ್ತೊಂದು ಎ. ನಮ್ಮ ಜಿಲ್ಲಾ ಕೇಂದ್ರದ ಹೆಸರಿನಲ್ಲಿ ಯೆನ್ ನಾಣ್ಯವೂ ಕಾಲು ಭಾಗವೂ ಅಡಗಿರುವುದು ಲೆಕ್ಕಿಗನಾದ ನನಗೆ ಸೋಜಿಗವೆನಿಸಿತು. ಗೀಟುಗಳನ್ನು ಅಳಿಸಿ ‘ಶುದ್ಧ’ ವಿಳಾಸ ಮಾಡುವ ತಂತ್ರಾಂಶವು ಇದನ್ನು ಫ್ರೆಂಚ್ ಅಥವಾ ಸ್ಪ್ಯಾನಿಷ್ ಪದವೆಂದೇ ಭಾವಿಸುತ್ತದೆ. ಅದು ಗೀಟುಗಳನ್ನು ಅಳಿಸಿ, ನಾಣ್ಯ ಮತ್ತು ಭಿನ್ನಾಂಕಗಳನ್ನು ಕಿತ್ತು, ‘ಪಿ-ಇ-ಎ-ಇ-ಎ-ಎ-ಎ’ ಎಂಬ ಅರ್ಥಹೀನ ಪದವನ್ನು ನೀಡಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಹಳೆಯ ಫಾಂಟಿನ ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ಜಾಲತಾಣಕ್ಕೆ ಅಂಟಿಸಕೂಡದು. ಯೂನಿಕೋಡಿನಲ್ಲಿಯೂ ‘ಕೊ’ ಎಂಬುದರ ಗುಣಿತವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ನೋಟಕ್ಕೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಊರುಗಳು. ಇವೆರಡನ್ನು ಒಂದೇ ರೂಪಕ್ಕೆ ತರುವ ಕ್ರಮ ಯೂನಿಕೋಡಿನಲ್ಲಿದೆಯಾದರೂ ಅದನ್ನು ನಿಮ್ಮ ತಂತ್ರಜ್ಞರು ಅಳವಡಿಸಿರಬೇಕು.

ಎರಡನೆಯದು ಗಂಗಾವತಿ. ಇದರಲ್ಲಿರುವ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಟಕ್ಕೆ ಒಂದೇ. ‘ಗಂಗಾವತಿ’ ಎಂಬಲ್ಲಿ ಅನುಸ್ವಾರವಿದೆ. ‘ಗ೦ಗಾವತಿ’ ಎಂಬಲ್ಲಿ ಇರುವುದು ಸೊನ್ನೆ ಎಂಬ ಅಂಕಿ. ಅವಸರದ ಬೆರಳಚ್ಚಿನಲ್ಲಿ ಇದು ಆಗಾಗ್ಗೆ ಆಗುವ ತಪ್ಪು. ಪರಿವರ್ತನೆಯಲ್ಲಿ ಮೊದಲನೆಯದು ‘ಎನ್’ ಆದರೆ ಎರಡನೆಯದು ‘0’ ಆಗುತ್ತದೆ.

ಮೂರನೆಯದು ಕುಷ್ಟಗಿ. ವಿದ್ವಾಂಸರು ಭಾರತೀಯ ಲಿಪಿಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯಲು ಬಳಸುವ, 2001ರಲ್ಲಿ ಪ್ರಕಟವಾದ ಐ.ಎಸ್.ಓ. 15919 ಎಂಬ ಅಂತರರಾಷ್ಟ್ರೀಯ ಮಾನಕವೊಂದಿದೆ. ಅದರಲ್ಲಿ ‘ಷ’ ಎಂಬುದಕ್ಕೆ ಎಸ್ ಅಕ್ಷರದ ಕೆಳಗೆ ಚುಕ್ಕೆ ಇಡುತ್ತಾರೆ. ‘ಎಚ್’ ಬರೆಯುವುದಿಲ್ಲ. ಅಲ್ಲಿಂದ ಚುಕ್ಕೆಯನ್ನು ಅಳಿಸಿದರೆ ಊರಿನ ಹೆಸರು ‘ಕುಸ್ತಗಿ’ ಎಂದಾಗಿ ಉಳಿಯುತ್ತದೆ. ನಾವೆಲ್ಲರೂ ‘ಎಸ್-ಎಚ್’ ಬರೆಯುವ ರೂಢಿಯವರಾದುದರಿಂದ ಆ ವಿಳಾಸವನ್ನು ಯಾರೂ ಊಹಿಸಿ ಬೆರಳಚ್ಚಿಸಲಾರರು.

ನಾಲ್ಕನೆಯದು ಯಲಬುರ್ಗಾ. ಇಲ್ಲಿನ ಅರ್ಕಾವತ್ತಿಗೆ ಬದಲಾಗಿ ‘ಯಲಬುರ‍್ಗಾ’ ಎಂದು ಪೂರ್ಣ ರಕಾರದ ಕೆಳಗೆ ಗಕಾರದ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ. ಯೂನಿಕೋಡಿನಲ್ಲಿ ಈ ರೂಪ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಸೇರಿಸಬೇಕಾಗುತ್ತದೆ. ಅದು ಕಾಣದಿದ್ದರೂ ವಿಳಾಸದಲ್ಲಿ ತನ್ನ 9 ಸ್ಥಾನಗಳನ್ನು ಪಡೆದುಕೊಂಡು 72ನ್ನು 81 ಮಾಡುತ್ತದೆ. ಕೆಲವು ತಂತ್ರಾಂಶಗಳು ಅದನ್ನು ಅಳಿಸುತ್ತವೆ, ಕೆಲವು ಉಳಿಸಿಕೊಳ್ಳುತ್ತವೆ. ಹೀಗಾಗಿ ಒಂದೇ ಊರಿನ ಎರಡು ಅಂಗಡಿಗಳಿಗೆ ಎರಡು ಬಗೆಯ ವಿಳಾಸ ಬರಬಹುದು.

ಬೆಲೆ, ಬೆಳೆ, ಬೇಳೆ

ಅಕ್ಷರದ ಗೀಟು ಚುಕ್ಕೆಗಳನ್ನು ಅಳಿಸುವುದರ ಇನ್ನೊಂದು ಪರಿಣಾಮ ವ್ಯಾಪಾರಸ್ಥರಿಗೆ ನೇರವಾಗಿ ಸಂಬಂಧಿಸಿದ್ದು. ಕನ್ನಡದಲ್ಲಿ ‘ಲ’ ಮತ್ತು ‘ಳ’ ಬೇರೆ. ಹ್ರಸ್ವ ‘ಎ’ ಮತ್ತು ದೀರ್ಘ ‘ಏ’ ಬೇರೆ. ಇಂಗ್ಲಿಷಿನಲ್ಲಿ ಈ ಭೇದಗಳಿಲ್ಲ. ಪರಿಣಾಮವಾಗಿ ‘ಬೆಲೆ’, ‘ಬೆಳೆ’, ‘ಬೇಳೆ’ ಎಂಬ ಮೂರೂ ಪದಗಳು ‘ಬಿ-ಇ-ಎಲ್-ಇ’ ಎಂಬ ಒಂದೇ ರೂಪಕ್ಕೆ ಇಳಿಯುತ್ತವೆ. ದರಪಟ್ಟಿಯ ಪುಟ, ಹೊಲದ ಫಸಲಿನ ಪುಟ ಮತ್ತು ತೊಗರಿಬೇಳೆಯ ಪುಟ ಮೂರಕ್ಕೂ ಒಂದೇ ಹೆಸರು! ಹಾಗೆಯೇ ‘ಹತ್ತಿ’ ಎಂಬ ಸರಕೂ, ಚಿನ್ನದ ಗಣಿಯಿರುವ ನೆರೆಯ ರಾಯಚೂರು ಜಿಲ್ಲೆಯ ‘ಹಟ್ಟಿ’ ಎಂಬ ಊರೂ ಒಂದೇ ಆಗಿಬಿಡುತ್ತವೆ.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಜರ್ಮನ್ ಭಾಷೆಯಲ್ಲಿ ‘ಸುಂದರ’ ಎಂಬರ್ಥದ ಪದದಲ್ಲಿ ಓ ಅಕ್ಷರದ ಮೇಲಿನ ಎರಡು ಚುಕ್ಕೆಗಳನ್ನು ಅಳಿಸಿದರೆ ‘ಈಗಾಗಲೇ’ ಎಂಬರ್ಥದ ಬೇರೊಂದು ಪದವಾಗುತ್ತದೆ. ಆದ್ದರಿಂದ ಜರ್ಮನರು ಚುಕ್ಕೆಯನ್ನು ಸುಮ್ಮನೆ ಅಳಿಸದೆ, ಅದರ ಬದಲಿಗೆ ಒಂದು ‘ಇ’ ಸೇರಿಸುವ ತಮ್ಮದೇ ನಿಯಮವನ್ನು ಪಾಲಿಸುತ್ತಾರೆ. ಚೀನಾದಲ್ಲಿ ರೈಲ್ವೆ ಟಿಕೆಟಿನ ಜಾಲತಾಣವು 12306 ಎಂಬ ಅಂಕಿಗಳನ್ನೇ ಹೆಸರನ್ನಾಗಿ ಮಾಡಿಕೊಂಡಿದೆ. ಪ್ರತಿಯೊಂದು ಭಾಷೆಯವರೂ ತಮ್ಮ ಅಕ್ಷರಗಳ ಗುಣವನ್ನು ಅರಿತು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ ಎಂಬುದೇ ಇದರ ತಾತ್ಪರ್ಯ. ಹಿಂದಿಗಾಗಿ ಸಿದ್ಧಪಡಿಸಿದ ಪರಿವರ್ತಕವನ್ನು ಕನ್ನಡಕ್ಕೆ ಹಚ್ಚಿದರೆ ಪದದ ಕೊನೆಯ ಅಕಾರ ಬಿದ್ದುಹೋಗುತ್ತದೆ. ಇದು ಸಹ ನೆನಪಿನಲ್ಲಿರಲಿ.

ಬಿಲ್ಲಿನ ನಿಯಮವೇ ದಾರಿದೀಪ

ಒಳ್ಳೆಯ ವಿಳಾಸ ಹೇಗಿರಬೇಕೆಂದು ತಿಳಿಯಲು ನಮ್ಮ ವ್ಯಾಪಾರಸ್ಥರು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಕೇಂದ್ರ ಜಿ.ಎಸ್.ಟಿ. ನಿಯಮಗಳ 46ನೆಯ ನಿಯಮವು ಬಿಲ್ಲಿನ ಕ್ರಮಸಂಖ್ಯೆಯ ಬಗ್ಗೆ ಹೇಳುವುದನ್ನು ನೆನಪಿಸಿಕೊಳ್ಳಿರಿ. ಅದು 16 ಸ್ಥಾನಗಳನ್ನು ಮೀರಬಾರದು. ಅದರಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಓರೆಗೆರೆ ಮಾತ್ರ ಇರಬೇಕು. ಒಂದು ಆರ್ಥಿಕ ವರ್ಷದಲ್ಲಿ ಅದು ಮತ್ತೊಮ್ಮೆ ಬರಬಾರದು. ಚಿಕ್ಕದಾಗಿರುವುದು, ಸರಳ ಅಕ್ಷರಗಳಲ್ಲಿರುವುದು, ಪುನರಾವರ್ತನೆಯಾಗದಿರುವುದು, ಈ ಮೂರು ಗುಣಗಳೇ ಜಾಲವಿಳಾಸಕ್ಕೂ ಬೇಕು. ಒಂದೇ ವ್ಯತ್ಯಾಸವೆಂದರೆ ಪುಟದ ಹೆಸರಿನ ನಡುವೆ ಓರೆಗೆರೆ ಬಂದರೆ ಅದು ಬೇರೆ ಖಾನೆಯನ್ನು ಸೂಚಿಸುತ್ತದೆ; ಆದ್ದರಿಂದ ಪದಗಳನ್ನು ಬೇರ್ಪಡಿಸಲು ಅಡ್ಡಗೆರೆಯನ್ನು ಮಾತ್ರ ಬಳಸಬೇಕು. 2025ರ ಜೂನ್ 1ರಿಂದ ಇ-ಇನ್‌ವಾಯ್ಸ್ ವ್ಯವಸ್ಥೆಯು ಬಿಲ್ಲಿನ ಸಂಖ್ಯೆಯಲ್ಲಿ ದೊಡ್ಡಕ್ಷರ-ಸಣ್ಣಕ್ಷರಗಳ ಭೇದ ಮಾಡುವುದನ್ನು ಬಿಟ್ಟಿದೆ. ಡೊಮೈನ್ ಹೆಸರಿನಲ್ಲಿಯೂ ಆ ಭೇದವಿಲ್ಲ. ಆದರೆ ಪುಟದ ಹೆಸರಿನಲ್ಲಿ ಅನೇಕ ಸರ್ವರ್‌ಗಳು ಭೇದವೆಣಿಸುತ್ತವೆ. ಎಲ್ಲವನ್ನೂ ಸಣ್ಣಕ್ಷರಗಳಲ್ಲಿಡುವುದು ಕ್ಷೇಮ.

ಇದಕ್ಕೆ ನನ್ನದೊಂದು ಪರೀಕ್ಷೆಯನ್ನು ಸೇರಿಸುತ್ತೇನೆ. ಹೊರರಾಜ್ಯದ ಗುಮಾಸ್ತರೊಬ್ಬರಿಗೆ ಫೋನಿನಲ್ಲಿ ಹೇಳಿ ಬರೆಸುವಂತಿದ್ದರೆ ಅದು ಒಳ್ಳೆಯ ವಿಳಾಸ. ‘ಡಬಲ್ ಪಿ, ಸಿಂಗಲ್ ಎಲ್’ ಎಂದು ಎರಡೆರಡು ಸಲ ವಿವರಿಸಬೇಕಾದರೆ ಅದನ್ನು ಸರಳಗೊಳಿಸುವ ಅಗತ್ಯವಿದೆಯೆಂದೇ ಅರ್ಥ.

ಪುಟದ ಹೆಸರನ್ನು ಇಡುವಾಗ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಊರಿನ ಹೆಸರನ್ನು ನಿಮ್ಮ ಜಿ.ಎಸ್.ಟಿ. ನೋಂದಣಿ ಪತ್ರದಲ್ಲಿರುವ ಕಾಗುಣಿತದಂತೆ ಬರೆಯಿರಿ. ಗಂಗಾವತಿಯನ್ನು ‘ಟಿ-ಐ’ ಎಂದೂ ‘ಟಿ-ಎಚ್-ಐ’ ಎಂದೂ ಬರೆಯುವ ರೂಢಿಯಿದೆ. ಬಿಲ್ಲು, ಬ್ಯಾಂಕ್ ಖಾತೆ, ಲೆಟರ್‌ಹೆಡ್ ಮತ್ತು ಜಾಲತಾಣ ನಾಲ್ಕರಲ್ಲಿಯೂ ಒಂದೇ ರೂಪವಿದ್ದರೆ ಸಾಲದ ಅರ್ಜಿಯ ಸಮಯದಲ್ಲಿಯೂ ಅನುಕೂಲ.

2. ಸರಕಿನ ಹೆಸರನ್ನು ಖರೀದಿದಾರರು ಹುಡುಕುವ ರೂಪದಲ್ಲಿ ಬರೆಯಿರಿ. ಉದಾಹರಣೆಗೆ, ನಮ್ಮ ಕಿನ್ನಾಳದ ಆಟಿಕೆಗಳು ಭೌಗೋಳಿಕ ಸೂಚಕದ ದಾಖಲೆಯಲ್ಲಿ ‘ಕೆ-ಐ-ಎನ್-ಎಚ್-ಎ-ಎಲ್’ ಎಂಬ ಕಾಗುಣಿತದಲ್ಲಿವೆ. ಕನ್ನಡದಿಂದ ನೇರವಾಗಿ ಪರಿವರ್ತಿಸಿದರೆ ಆ ‘ಎಚ್’ ಬರುವುದೇ ಇಲ್ಲ.

3. ಕನ್ನಡ ಪದವನ್ನೇ ಇಡಬೇಕಾದಲ್ಲಿ ಒಂದು ಪುಟದ ಕೋಷ್ಟಕವನ್ನು ಮಾಡಿಟ್ಟುಕೊಳ್ಳಿರಿ. ‘ಶ’, ‘ಷ’ ಎರಡಕ್ಕೂ ‘ಎಸ್-ಎಚ್’. ಅನುಸ್ವಾರಕ್ಕೆ ಸಾಮಾನ್ಯವಾಗಿ ‘ಎನ್’, ಪ-ಬಗಳ ಮುಂದೆ ‘ಎಂ’. ಅಂದರೆ ಶೇಂಗಾದಲ್ಲಿ ‘ಎನ್’, ದಾಳಿಂಬೆಯಲ್ಲಿ ‘ಎಂ’. ಯಾವ ನಿಯಮವನ್ನು ಆರಿಸಿಕೊಂಡಿರಿ ಎಂಬುದಕ್ಕಿಂತ ಆರಿಸಿಕೊಂಡದ್ದನ್ನು ಎಲ್ಲ ಪುಟಗಳಲ್ಲಿಯೂ ಪಾಲಿಸುವುದು ಮುಖ್ಯ.

4. ಬೆಲೆ-ಬೆಳೆ-ಬೇಳೆಗಳಂತಹ ಗೊಂದಲವಿದ್ದಲ್ಲಿ ಪಕ್ಕದಲ್ಲಿ ನಿಮ್ಮ ದಾಸ್ತಾನು ಪುಸ್ತಕದ ಕ್ರಮಸಂಖ್ಯೆಯನ್ನು ಸೇರಿಸಿರಿ. ಎಚ್.ಎಸ್.ಎನ್. ಸಂಖ್ಯೆಯನ್ನು, ಉದಾಹರಣೆಗೆ ಅಕ್ಕಿಯ 1006, ಶೇಂಗಾದ 1202, ಸೇರಿಸಬಹುದಲ್ಲವೇ ಎಂದು ಕೆಲವರು ಕೇಳಿದ್ದಾರೆ. ಆ ಪಟ್ಟಿ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಮತ್ತು ಹಳೆಯ ಅಕ್ಕಿ, ಹೊಸ ಅಕ್ಕಿಗಳ ಭೇದವನ್ನು ಅದು ತೋರಿಸದಿರುವುದರಿಂದ ನಿಮ್ಮದೇ ಸಂಖ್ಯೆ ಲೇಸು.

5. ಭೇದವನ್ನು ತೋರಿಸುವ ಪದವನ್ನು ಮೊದಲು ಇಡಿರಿ. ಕತ್ತರಿ ಬೀಳುವುದು ಯಾವಾಗಲೂ ಬಾಲಕ್ಕೆ.

6. ಬದಲಾಗುವ ಸಂಗತಿಗಳನ್ನು ವಿಳಾಸದಲ್ಲಿ ಸೇರಿಸಬೇಡಿರಿ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪೊಟ್ಟಣದ ಅಕ್ಕಿಗೆ ಶೇಕಡಾ 5ರ ತೆರಿಗೆ ಬಂದ ನಂತರ ಅನೇಕ ಗಿರಣಿಗಳು 26 ಕಿಲೋ ಚೀಲಕ್ಕೆ ಬದಲಾಯಿಸಿಕೊಂಡದ್ದು ನಿಮಗೆಲ್ಲ ತಿಳಿದಿದೆ. ಪುಟದ ವಿಳಾಸದಲ್ಲಿ ‘25 ಕಿಲೋ’ ಎಂದು ಬರೆದುಕೊಂಡಿದ್ದವರು ಅಂದು ಪೇಚಿಗೆ ಸಿಲುಕಿರಲೇಬೇಕು. 2025ರ ಸೆಪ್ಟೆಂಬರ್ 22ರಂದು ತೆರಿಗೆ ದರಗಳು ಮರುಜೋಡಣೆಯಾದಾಗ ದರವನ್ನು ವಿಳಾಸದಲ್ಲಿ ಸೇರಿಸಿದ್ದವರಿಗೂ ಇದೇ ಮಾತು ಅನ್ವಯಿಸುತ್ತದೆ. ವರ್ಷ, ದರ, ತೂಕ, ರಿಯಾಯಿತಿ ಇವೆಲ್ಲವೂ ಪುಟದ ಒಳಗಿರಲಿ.

ಹೆಸರು ಬದಲಾದಾಗ

ಹೆಸರು ಬದಲಾಗುವುದು ನಮ್ಮ ಭಾಗಕ್ಕೆ ಹೊಸದಲ್ಲ. ಪ್ರಾಚೀನ ‘ಕೊಪಣ’ವು ನಿಜಾಮರ ಆಳ್ವಿಕೆಯ ಪ್ರಾಕ್ತನ ಇಲಾಖೆಯ ಪ್ರಕಟಣೆಗಳಲ್ಲಿ ‘ಕೊಪ್‌ಬಾಳ್’ ಎಂದಾಗಿತ್ತು, ಇಂದು ‘ಕೊಪ್ಪಳ’ವಾಗಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತವು ಕನ್ನಡಕ್ಕೆ ಅನುಗುಣವಾಗಿ ಬದಲಾದಾಗ ನಮ್ಮ ನೆರೆಯ ಹಾಸ್ಪೆಟ್ ‘ಹೊಸಪೇಟೆ’ ಆಯಿತು, ಬೆಳ್ಳಾರಿ ‘ಬಳ್ಳಾರಿ’ ಆಯಿತು. ಆದರೂ ಹಳೆಯ ಕಾಗುಣಿತದ ವಿಳಾಸಕ್ಕೆ ಬರೆದ ಪತ್ರಗಳು ನಿಂತುಹೋಗಲಿಲ್ಲ, ಏಕೆಂದರೆ ಅಂಚೆಯಣ್ಣನಿಗೆ ಎರಡೂ ಗೊತ್ತು. ಅಂತರ್ಜಾಲದಲ್ಲಿ ಅಂಥ ಅಂಚೆಯಣ್ಣನಿಲ್ಲ; ಅವನನ್ನು ನಾವೇ ನೇಮಿಸಬೇಕು.

ಆ ನೇಮಕಕ್ಕೆ ತಂತ್ರಜ್ಞರು ‘301’ ಎಂಬ ಸಂಖ್ಯೆಯಿಂದ ಗುರುತಿಸುವ ಶಾಶ್ವತ ವರ್ಗಾವಣೆಯ ಸೂಚನೆ ಎನ್ನುತ್ತಾರೆ. ಹಳೆಯ ವಿಳಾಸಕ್ಕೆ ಬಂದವರನ್ನು ಅದು ತಾನಾಗಿಯೇ ಹೊಸ ವಿಳಾಸಕ್ಕೆ ಕಳುಹಿಸುತ್ತದೆ. ವ್ಯಾಪಾರದ ಸ್ಥಳ ಬದಲಾದರೆ 15 ದಿನಗಳೊಳಗೆ ಜಿ.ಎಸ್.ಟಿ. ನೋಂದಣಿಯಲ್ಲಿ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವನ್ನು ನಾವು ಪಾಲಿಸುತ್ತೇವೆ. ಜಾಲತಾಣದ ಪುಟದ ವಿಷಯದಲ್ಲಿ 15 ದಿನಗಳ ಅವಕಾಶವೂ ಇಲ್ಲ. ಬದಲಾವಣೆಯಾದ ಕ್ಷಣದಲ್ಲಿಯೇ ಸೂಚನೆಯನ್ನು ಹಾಕಿರಬೇಕು. ಇಲ್ಲವಾದರೆ ಚೀಲದ ಮೇಲೆ ಮುದ್ರಿಸಿದ ವಿಳಾಸವನ್ನು ನಂಬಿ ಬಂದ ಖರೀದಿದಾರರಿಗೆ ‘ಪುಟ ಸಿಗುತ್ತಿಲ್ಲ’ ಎಂಬ ಉತ್ತರ ದೊರೆಯುತ್ತದೆ. ಪೇಟೆಯಲ್ಲಿ ಬಾಗಿಲು ಮುಚ್ಚಿದ ಅಂಗಡಿಯ ಬಗ್ಗೆ ಜನ ಏನು ಮಾತನಾಡಿಕೊಳ್ಳುತ್ತಾರೆಂಬುದನ್ನು ಹೇಳಬೇಕಾಗಿಲ್ಲ. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳಂತೂ 2013ರ ಕಂಪನಿ ಕಾಯ್ದೆಯ 12ನೆಯ ಕಲಮಿನಂತೆ ಜಾಲತಾಣವಿದ್ದಲ್ಲಿ ಅದರ ವಿಳಾಸವನ್ನು ಬಿಲ್ಲು ಹಾಗೂ ಪತ್ರಗಳ ಮೇಲೆ ಮುದ್ರಿಸಲೇಬೇಕು. ಆದ್ದರಿಂದ ವಿಳಾಸದ ಆಯ್ಕೆಯಲ್ಲಿ ಆದ ತಪ್ಪು ಮುದ್ರಣದ ವೆಚ್ಚವಾಗಿಯೂ ಪುಸ್ತಕಕ್ಕೆ ಬರುತ್ತದೆ.

ಡೊಮೈನ್ ಹೆಸರಿನ ವಿಷಯದಲ್ಲಿ ಎರಡು ಎಚ್ಚರಿಕೆಗಳು. ನಿಮ್ಮ ಹೆಸರಿಗೆ ಎರಡು ಪ್ರಚಲಿತ ಕಾಗುಣಿತಗಳಿದ್ದರೆ ಎರಡನ್ನೂ ನೋಂದಾಯಿಸಿ, ಒಂದನ್ನು ಇನ್ನೊಂದಕ್ಕೆ ಜೋಡಿಸಿರಿ. ಇನ್ನೊಂದು ಕಾಗುಣಿತವನ್ನು ಬೇರೆಯವರು ದುರುದ್ದೇಶದಿಂದ ಪಡೆದುಕೊಂಡಲ್ಲಿ ‘.ಇನ್’ ಹೆಸರುಗಳಿಗೆ ಸಂಬಂಧಿಸಿದ ವಿವಾದ ಇತ್ಯರ್ಥದ ವ್ಯವಸ್ಥೆ ಇದೆಯಾದರೂ ವ್ಯಾಜ್ಯದ ಖರ್ಚಿನ ಮುಂದೆ ನೋಂದಣಿಯ ಶುಲ್ಕ ಅತ್ಯಲ್ಪ. ಎರಡನೆಯದಾಗಿ, ನೋಂದಣಿಯು ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲಿರದೆ ನಿಮ್ಮ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ. ನವೀಕರಣದ ದಿನಾಂಕವನ್ನು ಪರವಾನಿಗೆಗಳ ನವೀಕರಣದ ಪಟ್ಟಿಯಲ್ಲಿ ಸೇರಿಸಿರಿ.

ಹಾಗಾದರೆ ಕನ್ನಡ ಬೇಡವೇ?

ಈ ಪ್ರಶ್ನೆಯನ್ನು ಗಿರಣಿಯ ಮಾಲೀಕರ ಮಗನೇ ನನಗೆ ಕೇಳಿದ. ಅಭಿಮಾನದಿಂದ ಕನ್ನಡದಲ್ಲಿ ಮಾಡಿಸಿದ ಜಾಲತಾಣವನ್ನು ಇಂಗ್ಲಿಷಿಗೆ ಬದಲಿಸಬೇಕೇ ಎಂಬ ನೋವು ಅವನ ಮಾತಿನಲ್ಲಿತ್ತು. ಬದಲಿಸಬೇಕಾಗಿಲ್ಲ. ಪುಟದ ಶೀರ್ಷಿಕೆ, ವಿವರ, ಚಿತ್ರದ ಅಡಿಬರಹ ಎಲ್ಲವೂ ಕನ್ನಡದಲ್ಲಿಯೇ ಇರಲಿ. ಹೊರರಾಜ್ಯದವರಿಗಾಗಿ ಕೆಳಗೆ ಇಂಗ್ಲಿಷಿನ ಎರಡು ಸಾಲುಗಳಿರಲಿ. ರೋಮನ್ ಅಕ್ಷರದಲ್ಲಿರಬೇಕಾದುದು ವಿಳಾಸದ ಆ ಒಂದು ತುಣುಕು ಮಾತ್ರ.

ಕನ್ನಡದ್ದೇ ಡೊಮೈನ್ ಹೆಸರು ಬೇಕೆನ್ನುವವರಿಗೂ ಇಂದು ಅವಕಾಶವಿದೆ. ಬೇರೆ ಲಿಪಿಯ ಹೆಸರುಗಳನ್ನು ಹಳೆಯ ವ್ಯವಸ್ಥೆಯೊಳಗೇ ಸಾಗಿಸುವ ‘ಪ್ಯೂನಿಕೋಡ್’ ಎಂಬ ಪದ್ಧತಿ 2003ರಲ್ಲಿ ಮಾನಕವಾಯಿತು. ‘.ಇನ್’ ಹೆಸರುಗಳನ್ನು ನಿರ್ವಹಿಸುವ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸಂಸ್ಥೆಯು 2014ರಲ್ಲಿ ದೇವನಾಗರಿಯ ‘.ಭಾರತ’ ವಿಳಾಸವನ್ನು ಆರಂಭಿಸಿತು. ನಂತರ ಕನ್ನಡ ಲಿಪಿಯ ‘.ಭಾರತ’ವೂ ಬಂದಿತು. ನಾವು ಕನ್ನಡದಲ್ಲಿ ‘ಭಾರತ’ ಎಂದು ಬರೆದದ್ದು ತೆರೆಯ ಹಿಂದೆ ‘ಎಕ್ಸ್-ಎನ್’, ಎರಡು ಅಡ್ಡಗೆರೆ, ಆನಂತರ ‘2-ಎಸ್-ಸಿ-ಆರ್-ಜೆ-9-ಸಿ’ ಎಂಬ ರೂಪದಲ್ಲಿ ಸಾಗುತ್ತದೆ. ಆದರೆ ಹಳೆಯ ತಂತ್ರಾಂಶಗಳು ಮತ್ತು ಅರ್ಜಿ ನಮೂನೆಗಳು ಇಂಥ ವಿಳಾಸವನ್ನು ಒಪ್ಪದಿರುವುದುಂಟು. ಗಂಗಾವತಿ ಭಾಗದ ಕ್ಯಾಂಪುಗಳಲ್ಲಿ ಕನ್ನಡದೊಂದಿಗೆ ತೆಲುಗು ಲಿಪಿಯೂ ಬಳಕೆಯಲ್ಲಿದ್ದು, ಎರಡೂ ಲಿಪಿಗಳಲ್ಲಿ ಗ, ನ, ರ, ಲ ಮುಂತಾದ ಅಕ್ಷರಗಳು ಬಹುಮಟ್ಟಿಗೆ ಒಂದೇ ರೀತಿ ಕಾಣುವುದರಿಂದ ಓದುವವರಿಗೆ ಗೊಂದಲವಾಗುವ ಸಂಭವವೂ ಇದೆ. ಹೀಗಾಗಿ ಕನ್ನಡ ವಿಳಾಸವನ್ನು ಹೆಚ್ಚುವರಿ ಬಾಗಿಲಾಗಿ ಇಟ್ಟುಕೊಂಡು, ಹೆಬ್ಬಾಗಿಲನ್ನು ಸರಳ ರೋಮನ್ ಅಕ್ಷರದಲ್ಲಿಡುವುದು ಸದ್ಯಕ್ಕೆ ಸೂಕ್ತವೆಂದು ನನ್ನ ಅಭಿಪ್ರಾಯ.

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿರುವ ಆ ಬರಹಗಳು 2200 ವರ್ಷಗಳಿಗೂ ಹಿಂದಿನವು. ಈ ನೆಲದ ವರ್ತಕರು ಆ ಕಾಲದಿಂದಲೂ ಬಗೆಬಗೆಯ ಲಿಪಿಗಳ ನಡುವೆಯೇ ವ್ಯವಹಾರ ನಡೆಸಿದ್ದಾರೆ. ಹೈದರಾಬಾದ್ ಸಂಸ್ಥಾನದ ದಿನಗಳ ಉರ್ದು ದಾಖಲೆಗಳನ್ನು ಓದಬಲ್ಲ ಹಿರಿಯರನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ಲಿಪಿ ಬದಲಾದಾಗಲೂ ಲೆಕ್ಕ ತಪ್ಪದಂತೆ ನೋಡಿಕೊಂಡದ್ದೇ ಅವರ ಜಾಣ್ಮೆ.

ಗಿರಣಿಯ ಪುಟಗಳಿಗೆ ಈಗ ಹೊಸ ಹೆಸರುಗಳು ಬಂದಿವೆ. ‘ಹಳೆಯ’, ‘ಹೊಸ’ ಎಂಬ ಪದಗಳು ವಿಳಾಸದ ಆರಂಭದಲ್ಲಿವೆ. ಹಳೆಯ ಉದ್ದನೆಯ ಲಿಂಕುಗಳನ್ನು ಒತ್ತಿದವರೂ ಸರಿಯಾದ ಪುಟಕ್ಕೇ ಬಂದು ಸೇರುತ್ತಾರೆ. ಕೊಯಮತ್ತೂರಿನ ಖರೀದಿದಾರರು ವ್ಯವಹಾರವನ್ನು ಮುಂದುವರಿಸಿದ್ದಾರೆ. ಆ ಕ್ರೆಡಿಟ್ ನೋಟಿನ ಮೊತ್ತ ಮಾತ್ರ ನಷ್ಟದ ಬಾಬಿನಲ್ಲಿಯೇ ಉಳಿದಿದೆ.

ಮಾನ್ಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಈ ಸಂಚಿಕೆಯನ್ನು ಕೆಳಗಿಡುವ ಮೊದಲು ನಿಮ್ಮ ಜಾಲತಾಣದ ಯಾವುದಾದರೊಂದು ಸರಕಿನ ಪುಟದ ಲಿಂಕನ್ನು ನಿಮ್ಮದೇ ಇನ್ನೊಂದು ಮೊಬೈಲಿಗೆ ಕಳುಹಿಸಿ ನೋಡಿರಿ. ಬಂದದ್ದನ್ನು ಓದಿ ಹೇಳಲು ನಿಮಗೇ ಸಾಧ್ಯವಾಗದಿದ್ದರೆ ನಿಮ್ಮ ಖರೀದಿದಾರರಿಗೂ ಸಾಧ್ಯವಾಗುವುದಿಲ್ಲ. ಅದನ್ನು ಸರಿಪಡಿಸಲು ತಂತ್ರಜ್ಞರಿಗೆ ಹಿಡಿಯುವುದು ಕೆಲವು ಗಂಟೆಗಳ ಕೆಲಸ. ಮುಂದಿನ ಲೆಕ್ಕಪರಿಶೋಧನೆಯಲ್ಲಿ ‘ಲಿಂಕ್ ತಪ್ಪಿನಿಂದ’ ಎಂಬ ಕಾರಣವನ್ನು ನಾನಾಗಲಿ, ನನ್ನ ಸಹೋದ್ಯೋಗಿಗಳಾಗಲಿ ಮತ್ತೊಮ್ಮೆ ಓದುವಂತಾಗದಿರಲಿ.